ಹೇಳಿಕೆ ಬಂದ್ರೆ ಮಾತ್ರ ಸಿಗುವ ಕ್ರೆಡಿಟ್ ಕಾರ್ಡ್: ಅದನ್ನ ಬರಿಸಿಕೊಳ್ಳುದು ಹೇಗೆ

ನಮ್ಮ ಕಡೆ ಮದುವೆ ಕಾಗದ ವಾಟ್ಸಾಪಲ್ಲಿ ಬಂದ್ರೆ ಅದನ್ನ ಹೇಳಿಕೆ (ಆಮಂತ್ರಣ) ಅಂತ ಹಿರಿಯರು ಯಾರೂ ಲೆಕ್ಕಕ್ಕೆ ಹಿಡಿಯುದಿಲ್ಲ, ಮನೆಗೆ ಬಂದು ಚಾವಡಿಯಲ್ಲಿ ಕೂತು ಬಾಯಿಬಿಟ್ಟು ಹೇಳಿದ್ರೆ ಮಾತ್ರ ಹೋಗುದು. ಬ್ಯಾಂಕಿನವರ ಈ ಇನ್ವೈಟ್ ಓನ್ಲಿ ಕ್ರೆಡಿಟ್ ಕಾರ್ಡ್ ಉಂಟಲ್ಲ, ಅದೂ ಹಾಗೆಯೇ ಅಂತ ನಮ್ಮ ಭಾವ ನಂಬಿದ್ರು, ಅವರಾಗಿಯೇ ಒಂದು ದಿನ ಬಂದು ಕರೀತಾರೆ ಅಂತ. ಎರಡು ವರ್ಷ ಕಾದ್ರು. ಕಾರ್ಕಳ ಹತ್ರ ಗೇರುಬೀಜದ ಫ್ಯಾಕ್ಟರಿ ಉಂಟು, ಬಿಜೈಯಲ್ಲಿ ಎರಡು ಫ್ಲಾಟ್ ಬಾಡಿಗೆಗೆ ಕೊಟ್ಟಿದ್ದಾರೆ, ಅಡಿಕೆ ತೋಟ ಬೇರೆ. ಯಾರೂ ಕರೀಲಿಲ್ಲ. ಅದೇ ಫ್ಯಾಕ್ಟರಿಯಲ್ಲಿ ಲೆಕ್ಕ ಬರೆಯುವ ಹುಡುಗನ ತಮ್ಮ, ಬೆಂಗಳೂರಲ್ಲಿ ಐಟಿ ಕೆಲಸ, ಸ್ವಂತ ಮನೆಯೂ ಇಲ್ಲ, ಅವನಿಗೆ ಬಂತು. ದೀಪಾವಳಿಗೆ ಊರಿಗೆ ಬಂದವ ಆ ಕಾರ್ಡನ್ನ ಹೋಟೆಲಿನ ಮೇಜಿನ ಮೇಲೆ ಇಟ್ಟಾಗ ಟಣ್ ಅಂತ ಸದ್ದಾಯ್ತಂತೆ, ಲೋಹದ ಕಾರ್ಡ್ ಅಲ್ವಾ. ಆ ಸದ್ದು ಭಾವನ ತಲೆಯಿಂದ ಹೋಗ್ಲೇ ಇಲ್ಲ.

ನಾನು ಮಂಗಳೂರಿನ ಹಂಪನಕಟ್ಟೆಯಲ್ಲಿ ಒಂದು ಆಡಿಟರ್ ಆಫೀಸಲ್ಲಿ ರಿಟರ್ನ್ ಫೈಲ್ ಮಾಡುವವ. ಹಾಗಾಗಿ ಭಾವನ ಕೇಸ್ ನನ್ನ ತಲೆಗೆ ಬಂತು. ಹತ್ತಿರ ಹತ್ತಿರ ಒಂದೂವರೆ ವರ್ಷ ಹಿಡೀತು. ಅದರಲ್ಲಿ ಕಲ್ತದ್ದನ್ನ ಇಲ್ಲಿ ಬರೀತಾ ಇದ್ದೇನೆ. ಒಂದೇ ವಿಷಯ ಮೊದಲೇ ಹೇಳಿಬಿಡ್ತೇನೆ, ಬ್ಯಾಂಕ್ ಕರೆಯುದು ಶ್ರೀಮಂತರನ್ನ ಅಲ್ಲ, ಯಾರ ದುಡ್ಡು ತನ್ನ ಕಂಪ್ಯೂಟರಿಗೆ ಕಾಣ್ತದೋ ಅವರನ್ನ.

ಯಾವ ಕಾರ್ಡುಗಳ ಮಾತು ಇದು

ಎಲ್ಲದಕ್ಕಿಂತ ಮೇಲೆ ಅಮೆರಿಕನ್ ಎಕ್ಸ್‌ಪ್ರೆಸ್‌ನ ಸೆಂಚೂರಿಯನ್, ಜನ ಬ್ಲ್ಯಾಕ್ ಕಾರ್ಡ್ ಅಂತ ಹೇಳುದು. 1999ರಲ್ಲಿ ಶುರುವಾದದ್ದು. ಅದಕ್ಕೆ ಮೊದಲೇ ಅಂಥದ್ದೊಂದು ಗುಟ್ಟಿನ ಕಪ್ಪು ಕಾರ್ಡ್ ಉಂಟಂತೆ ಅಂತ ಸುದ್ದಿ ಹಬ್ಬಿತ್ತು, ಕಂಪನಿ ಆಮೇಲೆ ಆ ಸುದ್ದಿಯನ್ನೇ ನಿಜ ಮಾಡಿತು. ಟೈಟಾನಿಯಂದು. ಅಮೆರಿಕದಲ್ಲಿ ಸೇರ್ಲಿಕ್ಕೇ 10,000 ಡಾಲರ್, ಮತ್ತೆ ವರ್ಷ ವರ್ಷ 5,000 ಡಾಲರ್. ಇಂಡಿಯಾದಲ್ಲೂ ಉಂಟು, ಆದ್ರೆ ಅದು ನಾನು ನೀವು ಕೂತು ಪ್ಲಾನ್ ಮಾಡುವ ಸಂಗತಿ ಅಲ್ಲ, ಬಿಡಿ. ಜೆಪಿ ಮಾರ್ಗನ್ ರಿಸರ್ವ್ ಕೂಡ ಹಾಗೆಯೇ, ಅದು ಅಮೆರಿಕದಲ್ಲಿ ಅವರ ಪ್ರೈವೇಟ್ ಬ್ಯಾಂಕಿನ ಗಿರಾಕಿಗಳಿಗೆ.

ನಮ್ಮ ಕೈಗೆ ಎಟಕುವಂಥದ್ದು ಅಂದ್ರೆ ಎಚ್‌ಡಿಎಫ್‌ಸಿಯ ಇನ್ಫಿನಿಯಾ, ಫೀಸ್ 12,500. ಎಸ್‌ಬಿಐ ಕಾರ್ಡ್‌ನ ಆರಮ್, 2021ರಲ್ಲಿ ಬಂದದ್ದು, ಫೀಸ್ 9,999. ಐಸಿಐಸಿಐಯ ಎಮರಾಲ್ಡ್ ಪ್ರೈವೇಟ್ ಮೆಟಲ್, 12,499. ಇದೆಲ್ಲದರ ಮೇಲೆ 18% ಜಿಎಸ್‌ಟಿ ಬೀಳ್ತದೆ ಅಂತ ಯಾರೂ ಬಾಯಲ್ಲಿ ಹೇಳುದಿಲ್ಲ, 12,500 ಅಂದ್ರೆ ಬಿಲ್ಲಲ್ಲಿ 14,750. ಆಕ್ಸಿಸ್‌ನಲ್ಲಿ ಬರ್ಗಂಡಿ ಪ್ರೈವೇಟ್ ಅಂತ ಉಂಟು, ಅಲ್ಲಿಗೆ ಸೇರ್ಬೇಕಾದ್ರೆ ಡೆಪಾಸಿಟ್, ಮ್ಯೂಚುವಲ್ ಫಂಡ್, ಶೇರು ಎಲ್ಲ ಸೇರಿ ಬ್ಯಾಂಕಿನ ಮೂಲಕ 5 ಕೋಟಿ ತೋರಿಸ್ಬೇಕು, ಆ ಹೆಸರಿನ ಕಾರ್ಡ್ ಅವರಿಗೇ.

ಒಂದು ವಿಷಯ ನೆನಪಾಗಿ ನಗು ಬರ್ತದೆ. ಉಡುಪಿಯಲ್ಲಿ 1925ರಲ್ಲಿ ಶುರುವಾದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ತಂದಾಗ ದಿನಕ್ಕೆ ಎರಡಾಣೆ ಕೊಟ್ರೂ ಸಾಕಿತ್ತು, ಏಜೆಂಟ್ ಮನೆ ಬಾಗಿಲಿಗೇ ಬರ್ತಿದ್ರು. 1906ರಲ್ಲಿ ಕೆನರಾ, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕ್, 1924ರಲ್ಲಿ ಕರ್ನಾಟಕ ಬ್ಯಾಂಕ್, 1931ರಲ್ಲಿ ವಿಜಯಾ ಬ್ಯಾಂಕ್, ಇಷ್ಟು ಬ್ಯಾಂಕ್ ಹುಟ್ಟಿಸಿದ ಜಿಲ್ಲೆಯವರು ನಾವು. ಈಗ ಬ್ಯಾಂಕ್ ನಮ್ಮನ್ನ ಆರಿಸ್ಲಿ ಅಂತ ಕಾಯುದು.

ಮೊದಲ ಕೆಲಸ ಸಿಬಿಲ್

ಆರ್‌ಎಂ (ರಿಲೇಶನ್‌ಶಿಪ್ ಮ್ಯಾನೇಜರ್, ನಿಮ್ಮ ಅಕೌಂಟ್ ನೋಡಿಕೊಳ್ಳುವ ಬ್ಯಾಂಕಿನವರು) ಹತ್ರ ಮಾತಾಡುವ ಮೊದಲು ನಿಮ್ಮ ಕ್ರೆಡಿಟ್ ರಿಪೋರ್ಟ್, ಅಂದ್ರೆ ಸಾಲ ಹೇಗೆ ತೀರಿಸಿದ್ದೀರಿ ಅನ್ನುವ ದಾಖಲೆ, ತೆಗೀರಿ. ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಅಂತ ನಾಲ್ಕು ಕಂಪನಿ ಉಂಟು, ನಾಲ್ಕೂ ಕಡೆ ವರ್ಷಕ್ಕೊಂದು ಪೂರ್ತಿ ರಿಪೋರ್ಟ್ ಫ್ರೀ ಕೊಡ್ಲೇಬೇಕು, ಆರ್‌ಬಿಐ ನಿಯಮ. ದುಡ್ಡು ಕೊಟ್ಟು ಮೆಂಬರ್‌ಶಿಪ್ ತಗೊಳ್ಳಿ ಅಂತ ದೊಡ್ಡ ಬಟನ್ ಇಡ್ತಾರೆ, ಫ್ರೀದು ಕೆಳಗೆ ಸಣ್ಣಕ್ಕೆ ಇರ್ತದೆ, ಹುಡುಕಿ.

ಸ್ಕೋರ್ 300ರಿಂದ 900. ಭಾವನದ್ದು ನೋಡಿದ್ರೆ 690ರ ಆಸುಪಾಸು. ಅವರಿಗೆ ಆಶ್ಚರ್ಯ, ನಾನು ಜೀವಮಾನದಲ್ಲಿ ಒಂದು ಕಂತು ತಪ್ಪಿಸಿಲ್ಲ ಮಾರಾಯ ಅಂತ. ಒಳಗೆ ನೋಡಿದ್ರೆ ಎಂತ ಗೊತ್ತುಂಟಾ, ಮಲ್ಪೆಯ ಒಬ್ಬ ಫ್ರೆಂಡಿನ ಬೋಟ್ ಲೋನಿಗೆ ಏಳು ವರ್ಷ ಹಿಂದೆ ಜಾಮೀನು ಹಾಕಿದ್ರು, ಅದು ಮರೆತೇ ಹೋಗಿತ್ತು. ಒಂದು ಮಳೆಗಾಲ ಅವರು ಕಂತು ಕಟ್ಟಿಲ್ಲ, ಮೀನುಗಾರಿಕೆ ಬಂದ್ ಇರುವ ಸಮಯ, ಮತ್ತೆ ಸೀಸನ್ ಶುರುವಾದ ಮೇಲೆ ಕಟ್ಟಿದ್ದಾರೆ, ಆದ್ರೆ ಆ ಮೂರು ತಿಂಗಳ ಕೆಂಪು ಗುರುತು ಭಾವನ ರಿಪೋರ್ಟಲ್ಲಿ ಗ್ಯಾರಂಟರ್ ಅಂತ ಬಂದು ಕೂತಿದೆ. ನಮ್ಮಲ್ಲಿ ಜಾಮೀನು ಹಾಕುದು ಅಂದ್ರೆ ಚಾ ಕುಡಿದಷ್ಟೇ ಸಲೀಸು, ದಾಕ್ಷಿಣ್ಯಕ್ಕೆ ಹಾಕುದು, ಹಾಗಾಗಿ ಇದನ್ನ ನೋಡದೆ ಮುಂದೆ ಹೋಗ್ಬೇಡಿ. ಇನ್ನೊಂದು, ಲೋನ್ ಪೂರ್ತಿ ತೀರಿದ ಮೇಲೂ ಬ್ಯಾಂಕಿನವರು ಅದನ್ನ ಕ್ಲೋಸ್ ಅಂತ ತೋರಿಸಿರ್ಲಿಲ್ಲ. ಅದಕ್ಕೆ ಆನ್‌ಲೈನಲ್ಲೇ ಡಿಸ್ಪ್ಯೂಟ್ ಹಾಕಿದ್ದು, 30 ದಿನದಲ್ಲಿ ಸರಿ ಮಾಡ್ಬೇಕು, ಮಾಡದಿದ್ರೆ ದಿನಕ್ಕೆ 100 ರೂಪಾಯಿ ನಿಮಗೆ ಕೊಡ್ಬೇಕು ಅಂತ ನಿಯಮ ಉಂಟು. ನಮಗೆ 100 ರೂಪಾಯಿ ಬರ್ಲಿಲ್ಲ, ಇಪ್ಪತ್ತೆಂಟನೇ ದಿನಕ್ಕೆ ಸರಿಯಾಯ್ತು.

ಮತ್ತೆ ಸ್ಕೋರ್ ಏರ್ಲಿಕ್ಕೆ ದೊಡ್ಡ ವಿದ್ಯೆ ಇಲ್ಲ. ಇರುವ ಕಾರ್ಡಿನ ಬಿಲ್ ಪೂರ್ತಿ ಕಟ್ಟಿ, ಮಿನಿಮಮ್ ಡ್ಯೂ ಅಲ್ಲ. ಲಿಮಿಟಿನ ಮೂರನೇ ಒಂದು ಪಾಲಿಗಿಂತ ಹೆಚ್ಚು ತಿಂಗಳೂ ತಿಂಗಳೂ ಉಜ್ಜಬೇಡಿ. ಅಲ್ಲಿ ಇಲ್ಲಿ ಕಾರ್ಡಿಗೆ ಅಪ್ಲೈ ಮಾಡ್ತಾ ಹೋಗ್ಬೇಡಿ, ಪ್ರತಿ ಅಪ್ಲಿಕೇಶನ್ನಿಗೂ ರಿಪೋರ್ಟಲ್ಲಿ ಒಂದು ಎಂಟ್ರಿ ಬೀಳ್ತದೆ, ಇವನಿಗೆ ಎಂತ ಇಷ್ಟು ಅರ್ಜೆಂಟ್ ಅಂತ ಬ್ಯಾಂಕಿಗೆ ಡೌಟ್ ಬರ್ತದೆ.

ಬ್ಯಾಂಕಿನ ಕಂಪ್ಯೂಟರಿಗೆ ಅಡಿಕೆ ತೋಟ ಕಾಣುದಿಲ್ಲ

ನಮ್ಮ ಊರಿನವರಿಗೆ ಹೇಳಿಕೆ ಬಾರದ್ದಕ್ಕೆ ನಿಜವಾದ ಕಾರಣ ಇದು, ಸ್ವಲ್ಪ ವಿವರವಾಗಿಯೇ ಹೇಳ್ತೇನೆ.

ನಮ್ಮವರ ದುಡ್ಡು ಎಲ್ಲಿರ್ತದೆ? ಜಾಗದಲ್ಲಿ, ಬಂಗಾರದಲ್ಲಿ, ತೋಟದಲ್ಲಿ, ಸೊಸೈಟಿಯ ಡೆಪಾಸಿಟಲ್ಲಿ (ಅಲ್ಲಿ ಬಡ್ಡಿ ಅರ್ಧ ಪರ್ಸೆಂಟ್ ಜಾಸ್ತಿ ಅಂತ), ಮತ್ತೆ ಫರ್ಮಿನ ಕರೆಂಟ್ ಅಕೌಂಟಲ್ಲಿ. ಇದರಲ್ಲಿ ಒಂದೂ ಕ್ರೆಡಿಟ್ ಕಾರ್ಡ್ ಡಿಪಾರ್ಟ್‌ಮೆಂಟಿನವರಿಗೆ ಸರಿಯಾಗಿ ಕಾಣುದಿಲ್ಲ. ಅವರು ನೋಡುದು ನಿಮ್ಮ ಹೆಸರಿನ ಐಟಿ ರಿಟರ್ನಲ್ಲಿ ಒಟ್ಟು ಆದಾಯ ಎಷ್ಟು, ಅವರದ್ದೇ ಬ್ಯಾಂಕಲ್ಲಿ ನಿಮ್ಮ ಸೇವಿಂಗ್ಸಲ್ಲಿ ಸರಾಸರಿ ಎಷ್ಟು ನಿಲ್ತದೆ, ಎಫ್‌ಡಿ ಎಷ್ಟು, ಮತ್ತೆ ಈಗಿನ ಕಾರ್ಡಲ್ಲಿ ಎಷ್ಟು ಖರ್ಚು ಮಾಡಿದ್ದೀರಿ ಅಂತ. ಕೃಷಿ ಆದಾಯಕ್ಕೆ ಟ್ಯಾಕ್ಸ್ ಇಲ್ಲ, ರಿಟರ್ನಲ್ಲಿ ಅದು ವಿನಾಯಿತಿ ಆದಾಯದ ಪಟ್ಟಿಯಲ್ಲಿ ಬೇರೆ ಕೂತಿರ್ತದೆ. ಭಾವನ ಫ್ಯಾಕ್ಟರಿ ಟರ್ನೋವರ್ ಕೋಟಿ ಕೋಟಿ, ಆದ್ರೆ ಪಾರ್ಟ್‌ನರ್‌ಶಿಪ್ ಫರ್ಮ್, ಅವರ ಸ್ವಂತ ರಿಟರ್ನಲ್ಲಿ 9 ಲಕ್ಷ. ಟ್ಯಾಕ್ಸ್ ಕಡಿಮೆ ಬರ್ಲಿ ಅಂತ ನಾವೇ ಇಷ್ಟು ವರ್ಷ ಕಷ್ಟಪಟ್ಟು ಹಾಗೆ ಮಾಡಿಕೊಟ್ಟದ್ದು! ಆ ಐಟಿ ಹುಡುಗನಿಗೆ ಫಾರ್ಮ್ 16ರಲ್ಲಿ 40 ಲಕ್ಷ, ತಿಂಗಳಾ ಒಂದೇ ಅಕೌಂಟಿಗೆ ಸಂಬಳ, ಬ್ಯಾಂಕಿಗೆ ಅವ ಗಾಜಿನ ಬರಣಿಯಲ್ಲಿಟ್ಟ ಉಪ್ಪಿನಕಾಯಿ ತರ, ಎಲ್ಲ ಹೊರಗಿಂದಲೇ ಕಾಣ್ತದೆ.

ಹಾಗಾದ್ರೆ ಎಂತ ಮಾಡುದು. ನಾವು ಮಾಡಿದ್ದು ಹೀಗೆ.

ಐದಾರು ಬ್ಯಾಂಕಲ್ಲಿ ಚದುರಿದ್ದನ್ನ ಒಂದು ಬ್ಯಾಂಕಿಗೆ ತಂದದ್ದು. ಯಾವ ಬ್ಯಾಂಕಿನ ಕಾರ್ಡ್ ಬೇಕೋ ಅದೇ ಬ್ಯಾಂಕ್. ಫ್ಲಾಟಿನ ಬಾಡಿಗೆ, ಫರ್ಮಿಂದ ಬರುವ ಸಂಬಳ ಮತ್ತೆ ಬಡ್ಡಿ, ಡಿವಿಡೆಂಡ್, ಎಲ್ಲ ಅಲ್ಲಿಗೇ ಬೀಳುವ ಹಾಗೆ. ಸೊಸೈಟಿಯ ಡೆಪಾಸಿಟ್ ಪೂರ್ತಿ ತೆಗೀಲಿಲ್ಲ, ತೆಗೀಲೂ ಬಾರದು, ಒಂದು ಕಾರ್ಡಿಗೋಸ್ಕರ ಬಡ್ಡಿ ಬಿಡುದು ಮರುಳು. ಮೆಚ್ಯೂರ್ ಆದದ್ದನ್ನ ಮಾತ್ರ ಇಲ್ಲಿಗೆ ಹಾಕಿದ್ದು. ಅಕ್ಕನ ಅಕೌಂಟನ್ನ, ದುಬೈಯಲ್ಲಿರುವ ಅಳಿಯನ ಎನ್‌ಆರ್‌ಇ (ವಿದೇಶದಲ್ಲಿರುವವರ) ಅಕೌಂಟನ್ನ ಒಂದೇ ಫ್ಯಾಮಿಲಿ ಗ್ರೂಪಿಗೆ ಸೇರಿಸಿದ್ದು, ಹೆಚ್ಚಿನ ಬ್ಯಾಂಕಲ್ಲಿ ಈ ಸೌಕರ್ಯ ಉಂಟು, ಎಲ್ಲರ ಬ್ಯಾಲೆನ್ಸ್ ಒಟ್ಟು ಲೆಕ್ಕ ಹಿಡೀತಾರೆ, ಆದ್ರೆ ನೀವು ಕೇಳದೆ ಅವರು ಹೇಳುದಿಲ್ಲ. ಗಲ್ಫ್ ದುಡ್ಡು ಇರುವ ಮನೆಗಳಿಗೆ ಇದು ದೊಡ್ಡ ದಾರಿ.

ರಿಟರ್ನ್ ವಿಷಯದಲ್ಲಿ, ಪಾರ್ಟ್‌ನರ್ ಸಂಬಳ ಸ್ವಲ್ಪ ಹೆಚ್ಚು ಮಾಡಿದೆವು. ಅದು ಭಾವನ ಸ್ವಂತ ಲೆಕ್ಕದಲ್ಲಿ ಟ್ಯಾಕ್ಸ್ ಕೊಡುವ ಆದಾಯ ಆಗ್ತದೆ, ಫರ್ಮಿಗೆ ಮಿತಿಯೊಳಗೆ ಖರ್ಚು ಅಂತ ಹಿಡೀಲಿಕ್ಕೆ ಆಗ್ತದೆ, ಒಟ್ಟು ಟ್ಯಾಕ್ಸಲ್ಲಿ ದೊಡ್ಡ ವ್ಯತ್ಯಾಸ ಬರ್ಲಿಲ್ಲ. ಇದು ನಿಮ್ಮ ಆಡಿಟರ್ ಹತ್ರ ಕೂತು ಮಾಡುವ ಲೆಕ್ಕ, ನನ್ನ ಮಾತು ಕೇಳಿ ಫೋನಲ್ಲೇ ಮುಗಿಸ್ಬೇಡಿ.

ಆಮೇಲೆ ಮೆಟ್ಟಿಲು. ನೇರ ಮೇಲಿನ ಕಾರ್ಡ್ ಕೇಳಿದ್ರೆ ಸಿಗುದು ಕಷ್ಟ, ಅದೇ ಬ್ಯಾಂಕಿನ ಮಧ್ಯದ ಕಾರ್ಡ್ ತಗೊಂಡು ಒಂದು ವರ್ಷ ಉಪಯೋಗಿಸಿ, ಕರೆಂಟ್ ಬಿಲ್, ಇನ್ಶೂರೆನ್ಸ್, ಆಸ್ಪತ್ರೆ, ಟಿಕೆಟ್, ಟಿವಿ ಫ್ರಿಜ್ ಎಲ್ಲ ಅದರಲ್ಲೇ. ಬ್ಯಾಂಕಿನವರು ಲಿಮಿಟ್ ಹೆಚ್ಚಿಸ್ತೇವೆ ಅಂತ ಮೆಸೇಜ್ ಕಳಿಸಿದಾಗ ಬೇಡ ಅನ್ನಬೇಡಿ, ನಮ್ಮವರು ಸಾಲ ಅಂತ ಹೆದರಿ ಬೇಡ ಅಂತಾರೆ, ಲಿಮಿಟ್ ಸಾಲ ಅಲ್ಲ, ದೊಡ್ಡ ಲಿಮಿಟ್ ಇದ್ದವರನ್ನೇ ಮೇಲಿನ ಕಾರ್ಡಿಗೆ ಎತ್ತುದು. ಬೇರೆ ಬ್ಯಾಂಕಿನ ದೊಡ್ಡ ಲಿಮಿಟ್ ಕಾರ್ಡ್ ನಿಮ್ಮಲ್ಲಿ ಮೊದಲೇ ಇದ್ರೆ ಅದರ ಸ್ಟೇಟ್‌ಮೆಂಟ್ ತೋರಿಸಿ ಕೇಳುದೂ ಉಂಟು, ಕಾರ್ಡ್ ಟು ಕಾರ್ಡ್ ಅಂತ ಹೇಳ್ತಾರೆ, ಆಗ ಐಟಿ ರಿಟರ್ನ್ ಗೊಡವೆ ಕಡಿಮೆ.

ಬಾಯಿಬಿಟ್ಟು ಕೇಳಿ

ಇನ್ವೈಟ್ ಓನ್ಲಿ ಅಂದ್ರೆ ಕೇಳಬಾರದು ಅಂತ ಅರ್ಥ ಅಲ್ಲ. ಅಪ್ಲಿಕೇಶನ್ ಫಾರ್ಮ್ ವೆಬ್‌ಸೈಟಲ್ಲಿ ಇಲ್ಲ ಅಂತ ಅರ್ಥ, ಅಷ್ಟೇ. ಆರ್‌ಎಂಗೆ ಒಂದು ಇಮೇಲ್ ಹಾಕಿ, ಫೋನಲ್ಲಿ ಹೇಳಿದ್ದು ಗಾಳಿಗೆ ಹೋಗ್ತದೆ. ನಿಮ್ಮ ಕಸ್ಟಮರ್ ಐಡಿ, ಎಷ್ಟು ವರ್ಷದ ಸಂಬಂಧ, ಕಳೆದ 12 ತಿಂಗಳಲ್ಲಿ ಈಗಿನ ಕಾರ್ಡಲ್ಲಿ ಎಷ್ಟು ಖರ್ಚು, ಗ್ರೂಪಿನ ಒಟ್ಟು ಬ್ಯಾಲೆನ್ಸ್ ಎಷ್ಟು, ಯಾವ ಕಾರ್ಡಿಗೆ ಅಪ್‌ಗ್ರೇಡ್ ಬೇಕು, ಇಷ್ಟು. ಆರೇಳು ಸಾಲು ಸಾಕು. ನಾನು ದೊಡ್ಡ ಉದ್ಯಮಿ, ಸಮಾಜ ಸೇವಕ ಅಂತ ಬರೀಬೇಡಿ (ಭಾವ ಬರೆದಿದ್ರು, ನಾನು ಅಳಿಸಿದೆ).

ಮೊದಲ ಸಲ ಆಗ್ಲಿಲ್ಲ. ಕ್ರೈಟೀರಿಯಾ ಮೀಟ್ ಆಗ್ಲಿಲ್ಲ ಅಂತ ಒಂದು ಸಾಲಿನ ಉತ್ತರ. ಆರು ತಿಂಗಳು ಬಿಟ್ಟು ಮತ್ತೊಮ್ಮೆ ಕೇಳಿದ್ದು.

ಆಗ ಬಂತು ನೋಡಿ ನಿಜವಾದ ಕತೆ. ಆರ್‌ಎಂ, ಒಳ್ಳೆ ಹುಡುಗ, ಟೈ ಕಟ್ಟಿಕೊಂಡು ಮನೆಗೇ ಬಂದ, ಅಕ್ಕ ನೀರುದೋಸೆ ಕೋಳಿ ಸಾರು ಬಡಿಸಿದ್ರು, ತಿಂದು ಕೈತೊಳೆದು ಬ್ಯಾಗಿಂದ ಒಂದು ಬ್ರೋಷರ್ ತೆಗೆದ. ಸರ್, ಕಾರ್ಡ್ ಆಗ್ತದೆ, ಆದ್ರೆ ಪ್ರೊಫೈಲ್ ಸ್ಟ್ರಾಂಗ್ ಆಗ್ಲಿಕ್ಕೆ ಈ ಒಂದು ಪ್ಲಾನ್ ತಗೊಂಡ್ರೆ ಒಳ್ಳೆದಿತ್ತು, ವರ್ಷಕ್ಕೆ 5 ಲಕ್ಷ ಮಾತ್ರ. ನೋಡಿದ್ರೆ ಯುಲಿಪ್, ಇನ್ಶೂರೆನ್ಸ್ ಮತ್ತೆ ಶೇರು ಮಾರ್ಕೆಟ್ ಹೂಡಿಕೆ ಸೇರಿಸಿದ ಪಾಲಿಸಿ. ಐದು ವರ್ಷ ದುಡ್ಡು ಮುಟ್ಲಿಕ್ಕೆ ಆಗುದಿಲ್ಲ. ಭಾವ ಪೆನ್ನು ಹಿಡಿದಾಗಿತ್ತು. ನಾನು ಕೇಳಿದೆ, ಇದು ಕಾರ್ಡಿಗೆ ಕಂಪಲ್ಸರಿ ಅಂತ ನಿಮ್ಮ ಆಫೀಶಿಯಲ್ ಇಮೇಲಿಂದ ಒಂದು ಸಾಲು ಬರೆದು ಕಳಿಸ್ತೀರಾ? ಹುಡುಗ ನಕ್ಕ. ಇಲ್ಲ ಸರ್, ಕಂಪಲ್ಸರಿ ಅಂತ ಅಲ್ಲ. ಅಲ್ಲಿಗೆ ಮುಗೀತು. ಅವನನ್ನ ಬಯ್ಯುದು ಸರಿಯಲ್ಲ, ಅವನಿಗೆ ಟಾರ್ಗೆಟ್ ಉಂಟು, ಮಾರ್ಚ್ ಬಂತಂದ್ರೆ ನಿದ್ದೆ ಇಲ್ಲ. ಆದ್ರೆ ನೀವು ಈ ಒಂದು ಪ್ರಶ್ನೆ ಬಾಯಿಪಾಠ ಮಾಡಿಟ್ಟುಕೊಳ್ಳಿ. ದಾಕ್ಷಿಣ್ಯಕ್ಕೆ ಸೈನ್ ಮಾಡಿ ಆಗಿದ್ರೆ, ಪಾಲಿಸಿ ಕೈಗೆ ಬಂದ 30 ದಿನದೊಳಗೆ ಬೇಡ ಅಂತ ವಾಪಸ್ ಕೊಡುವ ಹಕ್ಕು ಉಂಟು, ಫ್ರೀ ಲುಕ್ ಅಂತ.

ಯುಲಿಪ್ ತಗೊಳ್ಳದೆಯೂ ಕಾರ್ಡ್ ಬಂತು. ಎರಡು ತಿಂಗಳಲ್ಲಿ.

ಬೇಕಾ ಬೇಡ್ವಾ ಅಂತ ಲೆಕ್ಕ

ಹೆಸರು ಹೇಳಿಯೇ ಒಂದು ಉದಾಹರಣೆ ಲೆಕ್ಕ ಮಾಡ್ವ, ಇನ್ಫಿನಿಯಾ ತಗೊಳ್ಳಿ. 150 ರೂಪಾಯಿ ಖರ್ಚಿಗೆ 5 ಪಾಯಿಂಟ್. ಅಂದ್ರೆ 3 ಲಕ್ಷ ಉಜ್ಜಿದ್ರೆ 10,000 ಪಾಯಿಂಟ್, 10 ಲಕ್ಷ ಉಜ್ಜಿದ್ರೆ 33,000ದ ಮೇಲೆ. ಅವರ ಸ್ಮಾರ್ಟ್‌ಬೈ ಸೈಟಲ್ಲಿ ಫ್ಲೈಟ್, ಹೋಟೆಲ್ ಬುಕ್ ಮಾಡಿದ್ರೆ ಒಂದು ಪಾಯಿಂಟಿಗೆ 1 ರೂಪಾಯಿ, ಅದೂ ಬಿಲ್ಲಿನ 70% ವರೆಗೆ ಮಾತ್ರ, ಉಳಿದದ್ದು ಕೈಯಿಂದ. ಅದೇ ಪಾಯಿಂಟನ್ನ ಬಿಲ್ಲಿಗೆ ಕ್ಯಾಶ್ ತರ ಕಳೀರಿ ಅಂದ್ರೆ 30 ಪೈಸೆ. ಇಲ್ಲಿಯೇ ನಮ್ಮವರು ಬೀಳುದು. ವರ್ಷಕ್ಕೆ ಫ್ಲೈಟ್ ಹತ್ತುದೇ ಒಂದು ಸಲ ಅಂದ್ರೆ 33,000 ಪಾಯಿಂಟಿನ ಬೆಲೆ 10,000 ರೂಪಾಯಿ, ಅಷ್ಟೇ. ಫೀಸ್ ಕಟ್ಟಿದ ವರ್ಷ 12,500 ಪಾಯಿಂಟ್ ವಾಪಸ್ ಕೊಡ್ತಾರೆ, ಪ್ರಯಾಣಕ್ಕೆ ಹಾಕಿದ್ರೆ ಫೀಸ್ ಹೆಚ್ಚುಕಡಿಮೆ ಬಂದಂತೆ, ಕ್ಯಾಶಿಗೆ ಹಾಕಿದ್ರೆ 3,750. ವರ್ಷದಲ್ಲಿ 10 ಲಕ್ಷ ಖರ್ಚಾದ್ರೆ ಫೀಸೇ ಇಲ್ಲ.

ವಿದೇಶದಲ್ಲಿ ನಿಜವಾದ ಲಾಭ ಉಂಟು. ಸಾಧಾರಣ ಕಾರ್ಡಲ್ಲಿ ದುಬೈಯಲ್ಲಿ 1 ಲಕ್ಷದ ಸಾಮಾನು ತಗೊಂಡ್ರೆ ಮೂರೂವರೆ ಪರ್ಸೆಂಟ್ ಫಾರಿನ್ ಕರೆನ್ಸಿ ಚಾರ್ಜ್ ಮತ್ತೆ ಅದರ ಮೇಲೆ ಜಿಎಸ್‌ಟಿ, 4,130 ರೂಪಾಯಿ ಸುಮ್ನೆ ಹೋಗ್ತದೆ. ಇನ್ಫಿನಿಯಾದಲ್ಲಿ 2%, ಜಿಎಸ್‌ಟಿ ಸೇರಿ 2,360, ಮೇಲಿಂದ 3,333 ಪಾಯಿಂಟ್ ಬರ್ತದೆ. ಮಗಳು, ಅಳಿಯ ಗಲ್ಫಲ್ಲಿ ಇದ್ದು ವರ್ಷಕ್ಕೆ ಎರಡು ಸಲ ಬಜ್ಪೆಯಿಂದ ಹಾರುವವರಿಗೆ ಇದು ಲೆಕ್ಕಕ್ಕೆ ಬರುವ ದುಡ್ಡು. ಅಲ್ಲಿ ಅಂಗಡಿಯ ಮೆಷಿನಲ್ಲಿ ರೂಪಾಯಿಯಲ್ಲಿ ಕಟ್ತೀರಾ ದಿರ್ಹಮಲ್ಲಿ ಕಟ್ತೀರಾ ಅಂತ ಕೇಳ್ತದೆ, ನಮ್ಮ ರೂಪಾಯಿ ಅಂತ ಪ್ರೀತಿಯಿಂದ ಒತ್ತಬೇಡಿ, ದಿರ್ಹಮ್ ಒತ್ತಿ, ರೂಪಾಯಿ ಒತ್ತಿದ್ರೆ ಮೆಷಿನ್‌ನವರ ರೇಟ್, ಅದು ಯಾವಾಗಲೂ ಮೋಸದ ರೇಟ್.

ಇನ್ನು ಲಾಂಜ್, ಏರ್‌ಪೋರ್ಟಲ್ಲಿ ಆರಾಮಕ್ಕೆ ಕೂತು ತಿನ್ನುವ ಕೋಣೆ. ಕಾರ್ಡ್ ಮಾರುವವರು ಮೊದಲು ಹೇಳುದೇ ಲಾಂಜ್. ಮಂಗಳೂರಿನವ ಬೆಂಗಳೂರಿಗೆ ಹೋಗುದು ಹೇಗೆ, ರಾತ್ರಿ ಬಸ್ಸಲ್ಲಿ, ಶಿರಾಡಿ ಘಾಟ್ ಸರಿ ಇದ್ರೆ. ಘಾಟಲ್ಲಿ ಬ್ಲಾಕ್ ಆಗಿ ಸಕಲೇಶಪುರದಲ್ಲಿ ಮೂರು ಗಂಟೆ ಕೂತವನಿಗೆ ಯಾವ ಕಾರ್ಡೂ ಲಾಂಜ್ ಕೊಡುದಿಲ್ಲ. ಗಾಲ್ಫ್ ಫ್ರೀ ಅಂತಾರೆ, ಪಿಲಿಕುಳದಲ್ಲಿ ಗಾಲ್ಫ್ ಕೋರ್ಸ್ ಉಂಟು ನಿಜ, ಭಾವ ಪಿಲಿಕುಳಕ್ಕೆ ಹೋದದ್ದು ಮೊಮ್ಮಕ್ಕಳಿಗೆ ಹುಲಿ ತೋರಿಸ್ಲಿಕ್ಕೆ. ನಿಮ್ಮ ಬದುಕಲ್ಲಿ ಇಲ್ಲದ್ದಕ್ಕೆ ಬೆಲೆ ಕಟ್ಟಿ ಕೂಡಿಸ್ಬೇಡಿ.

ಊರೊಳಗೆ ಉಪಯೋಗ ಇನ್ನೂ ಕಡಿಮೆ. ಮೀನು ಮಾರ್ಕೆಟಲ್ಲಿ ಅಂಜಲ್ ತಗೊಂಡು ಲೋಹದ ಕಾರ್ಡ್ ತೋರಿಸಿದ್ರೆ ಮೀನಿನ ಅಕ್ಕ ಅದರಲ್ಲೇ ಮೀನಿನ ಹುರುಪೆ ತೆಗೆದಾರು. ಅವರಲ್ಲಿ ಕ್ಯೂಆರ್ ಉಂಟು, ಆದ್ರೆ ಯುಪಿಐಗೆ ಲಿಂಕ್ ಆಗುದು ರುಪೇ ಕ್ರೆಡಿಟ್ ಕಾರ್ಡ್ ಮಾತ್ರ, ವೀಸಾ, ಮಾಸ್ಟರ್, ಡೈನರ್ಸ್, ಅಮೆಕ್ಸ್ ಆಗುದಿಲ್ಲ, ಈ ದೊಡ್ಡ ಕಾರ್ಡುಗಳು ಹೆಚ್ಚಿನವು ಆ ಪೈಕಿ. ಬಂಗಾರದ ಅಂಗಡಿಯಲ್ಲಿ ಕಾರ್ಡ್ ಅಂದ ಕೂಡ್ಲೆ ಎರಡು ಪರ್ಸೆಂಟ್ ಎಕ್ಸ್‌ಟ್ರಾ ಆಗ್ತದೆ ಅಣ್ಣ ಅಂತಾರೆ, ಅಲ್ಲಿಗೆ ಪಾಯಿಂಟಿನ ಲಾಭ ಅರ್ಧಕ್ಕಿಂತ ಹೆಚ್ಚು ಹೋಯ್ತು. ಪೆಟ್ರೋಲಿಗೆ, ವಾಲೆಟ್ ತುಂಬಿಸಿದ್ದಕ್ಕೆ, ಮನೆ ಬಾಡಿಗೆಗೆ ಸಾಧಾರಣವಾಗಿ ಪಾಯಿಂಟ್ ಇಲ್ಲ. ದಿನಸಿಗೆ, ಇನ್ಶೂರೆನ್ಸಿಗೆ ಮಿತಿ ಉಂಟು. ಮಣಿಪಾಲದಲ್ಲಿ ಮಗನ ಫೀಸ್ ಕಟ್ತೇನೆ ಅಂತ ಕೂತವರು, ಆ್ಯಪ್ ಮೂಲಕ ಕಟ್ಟಿದ್ರೆ ಪಾಯಿಂಟ್ ಬರುದಿಲ್ಲ, ಕಾಲೇಜಿನ ಸೈಟಲ್ಲೇ ಕಟ್ಟಿದ್ರೆ ಬರ್ತದೆ ಅಂತ ಕೆಲವು ಬ್ಯಾಂಕಿನ ನಿಯಮ, ಕಟ್ಟುವ ಮೊದಲು ನೋಡಿಕೊಳ್ಳಿ.

ಮತ್ತೆ ಈ ನಿಯಮ ನಾಳೆಯೂ ಹೀಗೇ ಇರ್ತದೆ ಅಂತ ನಂಬಿ ಕೂರ್ಬೇಡಿ. ಆಕ್ಸಿಸ್‌ನ ಮ್ಯಾಗ್ನಸ್ ಕಾರ್ಡನ್ನ ಪಾಯಿಂಟ್ ಹುಚ್ಚಿನವರೆಲ್ಲ ತಲೆ ಮೇಲೆ ಹೊತ್ತುಕೊಂಡಿದ್ರು, 2023ರ ಸೆಪ್ಟೆಂಬರಲ್ಲಿ ಫೀಸನ್ನ 10,000ದಿಂದ 12,500ಕ್ಕೆ ಏರಿಸಿ, ಏರ್‌ಲೈನಿಗೆ ಪಾಯಿಂಟ್ ಬದಲಿಸುವ ಲೆಕ್ಕದಲ್ಲಿ 5 ಪಾಯಿಂಟಿಗೆ 4 ಮೈಲ್ ಇದ್ದದ್ದನ್ನ 2 ಮೈಲಿಗೆ ಇಳಿಸಿದ್ರು. ಒಂದೇ ಏಟಿಗೆ ಅರ್ಧ. ಪಾಯಿಂಟ್ ಅಂದ್ರೆ ಎಫ್‌ಡಿ ಅಲ್ಲ, ಬಂದ ಹಾಗೆ ಖರ್ಚು ಮಾಡಿ.

ಬಿಲ್ ಪೂರ್ತಿ ಕಟ್ಲಿಕ್ಕೆ ಆಗದವರು ಈ ಲೆಕ್ಕವನ್ನೇ ಓದ್ಬೇಡಿ. ಇನ್ಫಿನಿಯಾದಂಥ ಕಾರ್ಡಲ್ಲೂ ಬಡ್ಡಿ ತಿಂಗಳಿಗೆ 1.99%, ಸಾಧಾರಣ ಕಾರ್ಡಲ್ಲಿ ಮೂರೂವರೆ ದಾಟ್ತದೆ, ಮೂರು ಪರ್ಸೆಂಟ್ ಪಾಯಿಂಟ್ ಎರಡು ತಿಂಗಳ ಬಡ್ಡಿಗೂ ಸಾಲದು.

ಇನ್ಕಮ್ ಟ್ಯಾಕ್ಸಿನವರಿಗೆ ಎಲ್ಲ ಗೊತ್ತಾಗ್ತದೆ

ಇದು ನನ್ನ ಹೊಟ್ಟೆಪಾಡಿನ ವಿಷಯ, ಆದ್ರೂ ಚಿಕ್ಕದಾಗಿಯೇ ಹೇಳ್ತೇನೆ. ವರ್ಷಕ್ಕೆ ಒಬ್ಬರ ಕಾರ್ಡ್ ಬಿಲ್ಲಿಗೆ 10 ಲಕ್ಷ ಅಥವಾ ಹೆಚ್ಚು ಕಟ್ಟಿದ್ರೆ, ಅಥವಾ ಕ್ಯಾಶಲ್ಲಿ 1 ಲಕ್ಷ ಕಟ್ಟಿದ್ರೆ, ಬ್ಯಾಂಕ್ ಅದನ್ನ ಟ್ಯಾಕ್ಸ್ ಇಲಾಖೆಗೆ ರಿಪೋರ್ಟ್ ಮಾಡ್ಲೇಬೇಕು. ಫೀಸ್ ಮಾಫಿಗೆ 10 ಲಕ್ಷ ಮುಟ್ಟಿಸ್ಬೇಕು ಅಂತ ನಮ್ಮವರು ಎಂತ ಮಾಡ್ತಾರೆ, ತಂಗಿ ಮನೆಯ ಫ್ರಿಜ್, ಫ್ರೆಂಡಿನ ಮಗಳ ಮದುವೆ ಸೀರೆ, ಎಲ್ಲದಕ್ಕೂ ನನ್ನ ಕಾರ್ಡ್ ಉಜ್ಜು, ನನಗೆ ಜಿಪೇ ಮಾಡು. ರಿಟರ್ನಲ್ಲಿ 8 ಲಕ್ಷ, ಕಾರ್ಡಲ್ಲಿ 22 ಲಕ್ಷ. ನೋಟಿಸ್ ಬಂದಾಗ ಇದು ತಂಗಿಯ ಫ್ರಿಜ್ ಅಂತ ಒಂದೊಂದಕ್ಕೂ ಪ್ರೂಫ್ ಕೊಡ್ಲಿಕ್ಕೆ ನನ್ನಂಥವರ ಹತ್ರ ಬರುದು. ಫ್ಯಾಕ್ಟರಿಯ ಕಚ್ಚಾ ಮಾಲಿಗೆ ಸ್ವಂತ ಕಾರ್ಡ್ ಉಜ್ಜುದೂ ಬೇಡ, ಪರ್ಸನಲ್ ಕಾರ್ಡನ್ನ ವ್ಯಾಪಾರಕ್ಕೆ ಉಪಯೋಗಿಸ್ಬಾರದು ಅಂತ ಕಂಡೀಷನಲ್ಲೇ ಇರ್ತದೆ, ಪಾಯಿಂಟ್ ಕಿತ್ಕೊಂಡು ಕಾರ್ಡ್ ಬಂದ್ ಮಾಡಿದ್ದೂ ಉಂಟು.

ಫೋನಲ್ಲಿ ಬರುವ ಹೇಳಿಕೆ

ಭಾವ ಆಸೆ ಇಟ್ಟುಕೊಂಡ ಸುದ್ದಿ ಯಾರಿಗೆ ಹೇಗೆ ಸಿಕ್ಕಿತೋ, ಮಧ್ಯದಲ್ಲಿ ಒಂದು ಕಾಲ್ ಬಂತು. ಹೆಂಗಸಿನ ಸ್ವರ, ಚಂದದ ಇಂಗ್ಲಿಷ್, ಸರ್ ಯು ಆರ್ ಸೆಲೆಕ್ಟೆಡ್ ಅಂತ. ಲೈಫ್‌ಟೈಮ್ ಫ್ರೀ, ಮೆಟಲ್ ಕಾರ್ಡ್, ಈಗಿನ ಕಾರ್ಡಿನ ನಂಬರ್ ಮತ್ತೆ ಈಗ ಬರುವ ಓಟಿಪಿ ಹೇಳಿ ಸಾಕು. ಭಾವ ಹೇಳುವವರೇ, ಅಷ್ಟರಲ್ಲಿ ಫ್ಯಾಕ್ಟರಿ ಸೈರನ್ ಆಗಿ ಕೇಳ್ಲಿಲ್ಲ, ಮತ್ತೆ ಮಾಡಿ ಅಂತ ಇಟ್ರು. ಬಚಾವ್.

ಬ್ಯಾಂಕಿನಿಂದ ಅಕೌಂಟ್ ವಿಷಯಕ್ಕೆ ಬರುವ ಕಾಲ್ 1600ರಿಂದ ಶುರುವಾಗುವ ನಂಬರಿಂದ, ಜಾಹೀರಾತಿನ ಕಾಲ್ 140ರಿಂದ, ಹೀಗೆ ಆರ್‌ಬಿಐ ಹೇಳಿದೆ. ಹತ್ತಂಕಿಯ ಸಾಧಾರಣ ಮೊಬೈಲಿಂದ ಬಂದ ಹೇಳಿಕೆಯನ್ನ ನಂಬಬೇಡಿ. ಲಿಂಕ್ ಕಳಿಸಿದ್ರೆ ವಿಳಾಸದ ಕೊನೆಗೆ ಡಾಟ್ ಬ್ಯಾಂಕ್ ಡಾಟ್ ಇನ್ ಉಂಟಾ ನೋಡಿ, ಬ್ಯಾಂಕುಗಳೆಲ್ಲ 2025ರ ಅಕ್ಟೋಬರ್ ಕೊನೆಯೊಳಗೆ ಅದಕ್ಕೆ ಬದಲಾಗ್ಬೇಕು ಅಂತ ಆದೇಶ ಇತ್ತು. ಓಟಿಪಿ ನೀವೇ ಹೇಳಿದ್ರೆ, ಬ್ಯಾಂಕಿಗೆ ತಿಳಿಸುವ ತನಕ ಹೋದ ದುಡ್ಡು ನಿಮ್ಮ ತಲೆ ಮೇಲೆ. ಹಾಗಾಗಿ ದುಡ್ಡು ಹೋದ್ರೆ ಮರ್ಯಾದೆ ಪ್ರಶ್ನೆ ಅಂತ ಮನೆಯಲ್ಲಿ ಮುಚ್ಚಿಡದೆ ಕೂಡ್ಲೆ ಬ್ಯಾಂಕಿಗೆ, ಮತ್ತೆ 1930ಕ್ಕೆ (ಸೈಬರ್ ವಂಚನೆಯ ಸಹಾಯವಾಣಿ) ಫೋನ್ ಮಾಡಿ.

ಕೇಳದೆಯೇ ಕಾರ್ಡ್ ಮನೆಗೆ ಬಂದ್ರೆ ಅದೂ ತಪ್ಪು. ಆರ್‌ಬಿಐ ನಿಯಮದಲ್ಲಿ ಒಪ್ಪಿಗೆ ಇಲ್ಲದೆ ಕಾರ್ಡ್ ಕೊಡುವ ಹಾಗಿಲ್ಲ, ಕೊಟ್ಟು ಫೀಸ್ ಹಾಕಿದ್ರೆ ವಾಪಸ್ ಕೊಟ್ಟು ಅದರ ಎರಡು ಪಟ್ಟು ದಂಡವೂ ಕೊಡ್ಬೇಕು. ಬೇಡ ಅನ್ನಿಸಿ ಕ್ಲೋಸ್ ಮಾಡ್ಲಿಕ್ಕೆ ಹೇಳಿದ್ರೆ, ಬಾಕಿ ಇಲ್ಲದಿದ್ದಲ್ಲಿ 7 ಕೆಲಸದ ದಿನದೊಳಗೆ ಮುಗಿಸ್ಬೇಕು, ತಡ ಆದ್ರೆ ದಿನಕ್ಕೆ 500 ರೂಪಾಯಿ ನಿಮಗೆ. ಪಾಯಿಂಟ್ ಖಾಲಿ ಮಾಡಿಯೇ ಹೇಳಿ. ಬ್ಯಾಂಕ್ 30 ದಿನದಲ್ಲಿ ಉತ್ತರ ಕೊಡದಿದ್ರೆ ಆರ್‌ಬಿಐ ಒಂಬುಡ್ಸ್‌ಮನ್‌ಗೆ ಆನ್‌ಲೈನಲ್ಲಿ ದೂರು ಹಾಕ್ಲಿಕ್ಕೆ ಆಗ್ತದೆ, ಖರ್ಚಿಲ್ಲ. ಹಾಂ, ಲೋಹದ ಕಾರ್ಡ್ ಕತ್ತರಿಯಲ್ಲಿ ಕಟ್ ಆಗುದಿಲ್ಲ, ಬ್ಯಾಂಕಿಗೇ ಕೊಡಿ.

ಭಾವನ ಕಾರ್ಡ್ ಬಂದು ಈಗ ಹತ್ತು ತಿಂಗಳು. ದೊಡ್ಡ ಪೆಟ್ಟಿಗೆಯಲ್ಲಿ ಬಂತು, ಪೆಟ್ಟಿಗೆ ಶೋಕೇಸಲ್ಲಿ ಉಂಟು. ಮೊನ್ನೆ ಲೆಕ್ಕ ನೋಡು ಅಂತ ಕರೆದ್ರು, ಖರ್ಚು 6 ಲಕ್ಷದ 40 ಸಾವಿರ ಆಗಿತ್ತು, ಅವರ ಕಾರ್ಡಲ್ಲೂ ಫೀಸ್ ಮಾಫಿಗೆ 10 ಲಕ್ಷ ಮುಟ್ಬೇಕು. ಚಿಂತೆ ಇಲ್ಲ, ಸಣ್ಣ ಮಗಳ ಮದುವೆ ಬಂತಲ್ಲ, ಮದುವೆ ಹಾಲ್‌ನ ದುಡ್ಡು ಇದರಲ್ಲೇ ಕೊಡುದು ಅಂತ ಹೇಳಿದ್ರು. ಹಾಲ್‌ನವರು ಕಾರ್ಡ್ ತಗೊಳ್ಳುದಿಲ್ಲವಂತೆ, ಚೆಕ್ ಬೇಕಂತೆ. ಈಗ ಭಾವ ಕಾರಿನ ಹಿಂದಿನ ಸೀಟಲ್ಲಿ ಮದುವೆ ಕಾಗದದ ಕಟ್ಟು ಇಟ್ಟುಕೊಂಡು ಮೂಲ್ಕಿಯಿಂದ ಕುಂದಾಪುರದ ತನಕ ಮನೆ ಮನೆಗೆ ಹೇಳಿಕೆಗೆ ತಿರುಗ್ತಾ ಇದ್ದಾರೆ, ಪೆಟ್ರೋಲಿಗೆ ಜಿಪೇ.